ಸ್ಕ್ರೀನ್ ಎದುರಾದಾಗ ಐವರ ಹೊಣೆ

ಕೇಳುಗರೆಲ್ಲರಿಗೂ ನಮಸ್ಕಾರ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಚೆಂಡು ಹಿಡಿದ ಆಟಗಾರನಿಗೆ ಅವನ ಜೊತೆಗಾರ ಸ್ಕ್ರೀನ್ ಹಾಕಿಕೊಟ್ಟಾಗ, ಅಂದರೆ ರಕ್ಷಕನ ದಾರಿಗೆ ಮೈಯೊಡ್ಡಿ ಅಡ್ಡ ನಿಂತಾಗ, ರಕ್ಷಣೆಗೆ ನಿಂತ ತಂಡ ಅದನ್ನು ಹೇಗೆ ಎದುರಿಸಬೇಕು ಎಂಬುದು ಇಂದಿನ ಭಾಷಣದ ವಿಷಯ. ಶಾಲೆಯ ಅಂಗಳದಿಂದ ಹಿಡಿದು ಒಲಿಂಪಿಕ್ಸ್‌ವರೆಗೆ ಎಲ್ಲ ಮಟ್ಟದಲ್ಲಿಯೂ ಬಳಕೆಯಲ್ಲಿರುವ ತಂತ್ರವಿದು. ಇದನ್ನು ಹೇಗೆ ಮಾಡಬೇಕೆಂದು ಕಲಿಸುವವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಹೇಗೆ ತಡೆಯಬೇಕೆಂದು ಅಷ್ಟೇ ಶ್ರದ್ಧೆಯಿಂದ ಕಲಿಸುವವರು ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಡ್ರಿಬಲ್ ಮಾಡುತ್ತಿರುವ ಗಾರ್ಡ್‌ನನ್ನು ಕಾಯುತ್ತಿರುವ ರಕ್ಷಕನ ದಾರಿಗೆ ಅಡ್ಡವಾಗಿ ಎದುರು ತಂಡದ ಇನ್ನೊಬ್ಬ, ಸಾಮಾನ್ಯವಾಗಿ ಎತ್ತರದ ಸೆಂಟರ್, ಬಂದು ನಿಲ್ಲುತ್ತಾನೆ. ಗಾರ್ಡ್ ಅವನ ಭುಜವನ್ನು ಸವರಿಕೊಂಡೇ ಹಾದುಹೋಗುತ್ತಾನೆ. ಬೆನ್ನಟ್ಟುವ ರಕ್ಷಕ ಆ ದೇಹಕ್ಕೆ ತಾಗಿ ಅರೆಕ್ಷಣ ಹಿಂದೆ ಬೀಳುತ್ತಾನೆ. ಆ ಅರೆಕ್ಷಣ ಸೆಂಟರ್‌ನ ರಕ್ಷಕನೊಬ್ಬನೇ ಇಬ್ಬರನ್ನು ಎದುರಿಸಬೇಕು. ಅವನು ಗಾರ್ಡ್‌ನ ಕಡೆಗೆ ಬಂದರೆ ಸ್ಕ್ರೀನ್ ಹಾಕಿದವನು ತಿರುಗಿ ಬುಟ್ಟಿಯತ್ತ ಓಡುತ್ತಾನೆ. ಬರದಿದ್ದರೆ ಗಾರ್ಡ್ ತಾನೇ ಚೆಂಡು ಎಸೆಯುತ್ತಾನೆ. ಅಮೆರಿಕದ ಯೂಟಾ ಜಾಝ್ ತಂಡದಲ್ಲಿ ಜಾನ್ ಸ್ಟಾಕ್ಟನ್ ಮತ್ತು ಕಾರ್ಲ್ ಮಲೋನ್ 1985ರಿಂದ 2003ರವರೆಗೆ ಇದೊಂದನ್ನೇ ಮತ್ತೆ ಮತ್ತೆ ಆಡಿದರು. ಏನು ಬರಲಿದೆಯೆಂದು ಎದುರಾಳಿಗಳಿಗೆಲ್ಲ ಗೊತ್ತಿತ್ತು. ಆದರೂ ಸ್ಟಾಕ್ಟನ್ 15,806 ಅಸಿಸ್ಟ್‌ಗಳ, ಅಂದರೆ ಜೊತೆಗಾರ ಅಂಕ ಗಳಿಸುವಂತೆ ಕೊಟ್ಟ ಪಾಸ್‌ಗಳ, ದಾಖಲೆಯನ್ನು ಬಿಟ್ಟುಹೋದರು. ಅದು ಇಂದಿಗೂ ಮುರಿದಿಲ್ಲ.

ಸ್ಕ್ರೀನ್‌ನಿಂದ ಹುಟ್ಟುವ ಎಲ್ಲ ಅವಕಾಶಗಳನ್ನೂ ಒಟ್ಟಿಗೆ ಮುಚ್ಚಲು ಸಾಧ್ಯವಿಲ್ಲ. ಬುಟ್ಟಿಯ ಕೆಳಗಿನ ಸುಲಭ ಎಸೆತ, ಮಧ್ಯಮ ದೂರದ ಎಸೆತ, ಮೂರು ಅಂಕದ ಎಸೆತ, ಇವುಗಳಲ್ಲಿ ಯಾವುದನ್ನಾದರೂ ಒಂದನ್ನು ಬಿಟ್ಟುಕೊಡಲೇಬೇಕು. ಒಳ್ಳೆಯ ತಂಡ ಯಾವುದನ್ನು ಬಿಟ್ಟುಕೊಡಬೇಕೆಂದು ಮೊದಲೇ ತೀರ್ಮಾನಿಸಿರುತ್ತದೆ, ಮತ್ತು ಆ ತೀರ್ಮಾನ ಅಂಗಳದಲ್ಲಿರುವ ಐವರಿಗೂ ಗೊತ್ತಿರುತ್ತದೆ. ನಮ್ಮ ಕಿರಿಯರ ಪಂದ್ಯಗಳಲ್ಲಿ ಸ್ಕ್ರೀನ್‌ಗೆ ಸಿಕ್ಕಿಬಿದ್ದ ಹುಡುಗನನ್ನೋ ಹುಡುಗಿಯನ್ನೋ ಕೋಚ್ ಗದರಿಸುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಪ್ಪು ಹೆಚ್ಚಿನ ಸಲ ಅವರ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ನಿಂತವರದ್ದಾಗಿರುತ್ತದೆ.

ಮುಂದಿನ ರಕ್ಷಕನಿಗೆ, ಅಂದರೆ ಗಾರ್ಡ್‌ನನ್ನು ಕಾಯುವವನಿಗೆ, ಸ್ಕ್ರೀನ್ ಕಾಣುವುದಿಲ್ಲ, ಅವನ ಕಣ್ಣು ಚೆಂಡಿನ ಮೇಲಿರುತ್ತದೆ. ಅದನ್ನು ಮೊದಲು ಕಾಣುವವನು ಸೆಂಟರ್‌ನ ರಕ್ಷಕ. ಎದುರು ಸೆಂಟರ್ ಹೆಜ್ಜೆ ಕಿತ್ತ ಕೂಡಲೇ "ಸ್ಕ್ರೀನ್ ಲೆಫ್ಟ್" ಅಥವಾ "ಸ್ಕ್ರೀನ್ ರೈಟ್" ಎಂದು ಅವನು ಗಟ್ಟಿಯಾಗಿ ಕೂಗಬೇಕು, ಅದರ ಹಿಂದೆಯೇ ತಂಡ ಈ ಸಲ ಏನು ಮಾಡಲಿದೆ ಎಂಬುದನ್ನೂ ಹೇಳಬೇಕು. ಸ್ಕ್ರೀನ್ ಬಂದು ನಿಂತ ಮೇಲೆ ಕೂಗಿದರೆ ಪ್ರಯೋಜನವಿಲ್ಲ. ಮುಂದಿನವನಿಗೆ ಸಿದ್ಧನಾಗಲು ಎರಡು ಹೆಜ್ಜೆಯಷ್ಟು ಸಮಯವಾದರೂ ಸಿಗಬೇಕು. ಕೂಗು ಸಕಾಲಕ್ಕೆ ಕೇಳಿದರೆ ಅವನು ಚೆಂಡು ಹಿಡಿದವನಿಗೆ ಇನ್ನಷ್ಟು ಹತ್ತಿರ ಸರಿಯುತ್ತಾನೆ, ಮೈಯನ್ನು ಅಡ್ಡಲಾಗಿ ತಿರುಗಿಸಿಕೊಳ್ಳುತ್ತಾನೆ, ಮುಂದಿನ ಕಾಲನ್ನು ಸ್ಕ್ರೀನ್ ಹಾಕುವವನ ಪಾದದಾಚೆಗೆ ಇಡುತ್ತಾನೆ. ಎದೆಯಗಲಕ್ಕೆ ಬೇಕಾದ ಜಾಗ ಭುಜದ ದಪ್ಪಕ್ಕೆ ಬೇಕಾಗುವುದಿಲ್ಲ, ಆ ಸಣ್ಣ ಸಂದಿಯಲ್ಲಿ ನುಸುಳಿಕೊಂಡೇ ಅವನು ಪಾರಾಗುತ್ತಾನೆ. ಇಲ್ಲಿ ನಿಯಮವೂ ಅವನ ನೆರವಿಗಿದೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮದಂತೆ ಸ್ಕ್ರೀನ್ ಹಾಕುವವನು ಎರಡೂ ಪಾದಗಳನ್ನು ನೆಲಕ್ಕೂರಿ, ತಾಗುವ ಗಳಿಗೆಯಲ್ಲಿ ಅಲುಗದೆ ನಿಂತಿರಬೇಕು. ಓಡುತ್ತಿರುವ ರಕ್ಷಕನಿಗೆ ಒಂದೆರಡು ಹೆಜ್ಜೆಯ ಅಂತರವನ್ನೂ ಬಿಟ್ಟಿರಬೇಕು. ಚುರುಕಾಗಿ ನುಸುಳುವ ರಕ್ಷಕನನ್ನು ತಡೆಯಲು ಸೊಂಟ ಚಾಚಿದರೆ ಅದು ಫೌಲ್.

ಇನ್ನು ತಂಡ ಮಾಡುವ ಆಯ್ಕೆಗಳು. ಚೆಂಡು ಹಿಡಿದವನಿಗೆ ದೂರದ ಎಸೆತ ಬಾರದಿದ್ದರೆ ಸ್ಕ್ರೀನ್‌ನ ಹಿಂದಿನಿಂದ ಸುತ್ತಿ ಬುಟ್ಟಿಯ ಕಡೆಗೆ ಮೊದಲೇ ತಲುಪಿಬಿಡುವುದು ಎಲ್ಲಕ್ಕಿಂತ ಸರಳವಾದ ದಾರಿ. ಒಳ್ಳೆಯ ಎಸೆತಗಾರನ ಮುಂದೆ ಅದು ನಡೆಯದು, ಆಗ ಸ್ಕ್ರೀನ್‌ನ ಮೇಲುಗಡೆಯಿಂದಲೇ ಬೆನ್ನಟ್ಟಬೇಕು. ಹಾಗೆ ಬೆನ್ನಟ್ಟುವಾಗ ಹಿಂದೆ ರಕ್ಷಣಾ ತಂಡದ ಸೆಂಟರ್ ಏನು ಮಾಡಬೇಕೆಂಬ ಪ್ರಶ್ನೆಗೆ ಹೆಚ್ಚಿನ ತಂಡಗಳು ಕೊಡುವ ಉತ್ತರಕ್ಕೆ ಡ್ರಾಪ್ ಎಂದು ಹೆಸರು. ಸೆಂಟರ್ ಹೊರಗೆ ಬರದೆ ಫ್ರೀ ಥ್ರೋ ಗೆರೆಯ ಆಸುಪಾಸಿನಲ್ಲಿ ಹಿಂದೆ ಸರಿದು, ಬರುವ ಗಾರ್ಡ್ ಮತ್ತು ತನ್ನ ಹಿಂದೆ ನುಗ್ಗುವ ಎದುರು ಸೆಂಟರ್ ಇಬ್ಬರ ನಡುವೆ ನಿಲ್ಲುತ್ತಾನೆ. ಮುಂದಿನ ರಕ್ಷಕ ಗಾರ್ಡ್‌ನ ಬೆನ್ನಿಗಂಟಿ ಬಂದು, ಅವನು ನಿಂತು ಎಸೆಯದಂತೆ ಹಿಂದಿನಿಂದ ಕೈ ಚಾಚುತ್ತಾನೆ. ಇಲ್ಲಿ ಬಿಟ್ಟುಕೊಡುವುದು ಮಧ್ಯಮ ದೂರದ ಎಸೆತವನ್ನು. ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಒಬ್ಬ ಆಟಗಾರ ಮಧ್ಯಮ ದೂರದಿಂದ ನೂರಕ್ಕೆ 40 ಎಸೆತಗಳನ್ನು ಹಾಕುತ್ತಾನೆ ಎಂದಿಟ್ಟುಕೊಂಡರೆ ಒಂದು ಎಸೆತಕ್ಕೆ ಸರಾಸರಿ 0.8 ಅಂಕ ಬರುತ್ತದೆ; ಮೂರು ಅಂಕದ ಗೆರೆಯಾಚೆಯಿಂದ ನೂರಕ್ಕೆ 36 ಹಾಕಿದರೂ 1.08 ಅಂಕ, ಬುಟ್ಟಿಯ ಕೆಳಗೆ ನೂರಕ್ಕೆ 60 ಹಾಕಿದರೆ 1.2 ಅಂಕ. ನೋಡುವವರಿಗೆ ತಂಡ ಸೋಮಾರಿಯಾಗಿದೆ ಎನ್ನಿಸಿದರೂ ಅದು ಲೆಕ್ಕ ಹಾಕಿಯೇ ಆ ಜಾಗವನ್ನು ಖಾಲಿ ಬಿಟ್ಟಿರುತ್ತದೆ.

ಡ್ರಾಪ್ ರಕ್ಷಣೆಗೆ ನಮ್ಮ ಕಾಲದ ದೊಡ್ಡ ಉದಾಹರಣೆ ಫ್ರಾನ್ಸಿನ ರೂಡಿ ಗೊಬೇರ್. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ವರ್ಷದ ಅತ್ಯುತ್ತಮ ರಕ್ಷಕ ಪ್ರಶಸ್ತಿಯನ್ನು 2018, 2019 ಮತ್ತು 2021ರಲ್ಲಿ ಯೂಟಾ ತಂಡದಲ್ಲಿದ್ದಾಗ, 2024ರಲ್ಲಿ ಮಿನೆಸೋಟ ತಂಡದಲ್ಲಿದ್ದಾಗ, ಹೀಗೆ ನಾಲ್ಕು ಬಾರಿ ಅವರು ಪಡೆದರು. ಆದರೆ 2021ರ ಪ್ಲೇಆಫ್‌ನಲ್ಲಿ, ಅಂದರೆ ಋತುವಿನ ಕೊನೆಯ ಪ್ರಶಸ್ತಿ ಸುತ್ತಿನ ಸರಣಿಯಲ್ಲಿ, ಲಾಸ್ ಏಂಜಲೀಸ್ ಕ್ಲಿಪರ್ಸ್ ತಂಡ ದೂರದಿಂದ ಎಸೆಯಬಲ್ಲ ಐವರನ್ನು ಒಟ್ಟಿಗೆ ಇಳಿಸಿ ಗೊಬೇರ್ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿತು. ಯೂಟಾದ ಗಾರ್ಡ್‌ಗಳು ಎದುರಾಳಿಯನ್ನು ಮುಂದೆ ತಡೆಯಲಾರದೆ ಹೋದಾಗಲೆಲ್ಲ ಗೊಬೇರ್ ಬುಟ್ಟಿಯ ಬಳಿಗೆ ಓಡಬೇಕಾಗುತ್ತಿತ್ತು. ಅವರು ಬಿಟ್ಟುಬಂದ ಮೂಲೆಯಲ್ಲಿ ಕ್ಲಿಪರ್ಸ್‌ನ ಟೆರೆನ್ಸ್ ಮ್ಯಾನ್ ಒಂಟಿಯಾಗಿ ನಿಂತಿರುತ್ತಿದ್ದರು. ಆರನೆಯ ಪಂದ್ಯದಲ್ಲಿ 25 ಅಂಕ ಹಿಂದಿದ್ದ ಕ್ಲಿಪರ್ಸ್ 131–119ರಿಂದ ಗೆದ್ದಿತು, ಮ್ಯಾನ್ ಒಬ್ಬರೇ 39 ಅಂಕ ಗಳಿಸಿದರು. ಮರುದಿನದಿಂದ ಟೀಕೆಯೆಲ್ಲ ಗೊಬೇರ್ ಮೇಲೆ ಸುರಿಯಿತು. ಅದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಮುಂದಿನ ರಕ್ಷಣೆ ಪದೇ ಪದೇ ಒಡೆದಾಗ ಕಟ್ಟಕಡೆಯಲ್ಲಿ ನಿಂತವನು ಎರಡು ಕಡೆ ಇರಲಾರ.

ಸೆಂಟರ್ ಹಿಂದೆ ಸರಿಯುವ ಬದಲು ಹೊರಗೆ ಜಿಗಿದು ಗಾರ್ಡ್‌ನನ್ನು ಕ್ಷಣಕಾಲ ಅಡ್ಡಗಟ್ಟಿ ಮರಳುವುದುಂಟು, ಅದನ್ನು ಹೆಡ್ಜ್ ಎನ್ನುತ್ತಾರೆ. ಇಬ್ಬರೂ ಸೇರಿ ಚೆಂಡು ಹಿಡಿದವನನ್ನು ಕಟ್ಟಿಹಾಕಿಬಿಟ್ಟರೆ ಅದು ಟ್ರ್ಯಾಪ್. ಇವೆರಡರಲ್ಲೂ ಚೆಂಡು ಬೇಗನೆ ಬೇರೊಬ್ಬನ ಕೈಗೆ ಹೋಗುತ್ತದೆ, ಮತ್ತು ಹಿಂದೆ ಮೂವರು ರಕ್ಷಕರು ನಾಲ್ವರನ್ನು ನಿಭಾಯಿಸಬೇಕಾಗುತ್ತದೆ. ದೂರದ ಎಸೆತಕ್ಕೆ ಹೆಸರಾದ ಸ್ಟೆಫನ್ ಕರಿ ಅವರನ್ನು ಹೀಗೆ ಕಟ್ಟಿಹಾಕಲು ಹೋದ ತಂಡಗಳನ್ನು ಅವರದೇ ಗೋಲ್ಡನ್ ಸ್ಟೇಟ್ ತಂಡದ ಡ್ರೇಮಂಡ್ ಗ್ರೀನ್ ವರ್ಷಗಟ್ಟಲೆ ದಂಡಿಸಿದರು. ಫ್ರೀ ಥ್ರೋ ಗೆರೆಯ ಬಳಿ ಚೆಂಡು ಪಡೆದು, ಮುಂದಿರುವ ಮೂವರಲ್ಲಿ ಯಾರು ಅಲುಗುತ್ತಾರೆಂದು ನೋಡಿ ಪಾಸ್ ಕೊಡುವುದರಲ್ಲಿ ಅವರು ನಿಸ್ಸೀಮರಾಗಿದ್ದರು.

ಅಂಕಣದ ಪಕ್ಕದ ಗೆರೆಯ ಹತ್ತಿರ ಸ್ಕ್ರೀನ್ ಬಂದಾಗ ಬಳಸುವ ಐಸ್ ಎಂಬ ವಿಧಾನ ನನಗೆ ಬಹಳ ಇಷ್ಟ. ಬಾಸ್ಟನ್ ಸೆಲ್ಟಿಕ್ಸ್ 2008ರಲ್ಲಿ ಪ್ರಶಸ್ತಿ ಗೆದ್ದಾಗ ಅಲ್ಲಿ ಸಹಾಯಕ ಕೋಚ್ ಆಗಿದ್ದ ಟಾಮ್ ಥಿಬೊಡೊ ಇದನ್ನು ಪ್ರಸಿದ್ಧಿಗೆ ತಂದವರಲ್ಲಿ ಪ್ರಮುಖರು. ಮುಂದಿನ ರಕ್ಷಕ ಚೆಂಡಿಗೂ ಸ್ಕ್ರೀನ್‌ಗೂ ನಡುವೆ ಜಿಗಿದು ನಿಂತು ಅಂಕಣದ ಮಧ್ಯಕ್ಕೆ ಹೋಗುವ ದಾರಿಯನ್ನೇ ಮುಚ್ಚಿಬಿಡುತ್ತಾನೆ. ಗಾರ್ಡ್‌ಗೆ ಉಳಿಯುವುದು ಗೆರೆಯ ಪಕ್ಕದ ಕಿರಿದಾದ ಓಣಿ ಮಾತ್ರ, ಅಲ್ಲಿ ಸೆಂಟರ್ ಮೊದಲೇ ಕಾದಿರುತ್ತಾನೆ. ಆಟವನ್ನು ಒಂದೇ ಪಕ್ಕಕ್ಕೆ ಕಟ್ಟಿಹಾಕುವುದರಿಂದ ಗೆರೆಯೇ ಆರನೆಯ ರಕ್ಷಕನಾಗುತ್ತದೆ. ಆದರೆ ಸೆಂಟರ್ ತನ್ನ ಜಾಗಕ್ಕೆ ಬರುವ ಮೊದಲೇ ಮುಂದಿನವನು ಜಿಗಿದರೆ ಬುಟ್ಟಿಯವರೆಗೆ ದಾರಿ ತೆರೆದು ಬಿದ್ದಿರುತ್ತದೆ. ಕೂಗಿನ ಮಹತ್ವ ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಕೊನೆಯದಾಗಿ ಸ್ವಿಚ್, ಅಂದರೆ ಇಬ್ಬರು ರಕ್ಷಕರು ತಮ್ಮ ಎದುರಾಳಿಗಳನ್ನು ಅದಲುಬದಲು ಮಾಡಿಕೊಳ್ಳುವುದು. ಕೇಳಲು ಸುಲಭ, ಆದರೆ ಕುಳ್ಳಗಿನವನು ಎತ್ತರದವನ ಮುಂದೆ, ನಿಧಾನದವನು ವೇಗದವನ ಮುಂದೆ ಸಿಕ್ಕಿಬೀಳುತ್ತಾನೆ. 2016ರ ಜೂನ್ 19ರಂದು ಓಕ್ಲೆಂಡ್‌ನಲ್ಲಿ ನಡೆದ ಎನ್‌ಬಿಎ ಫೈನಲ್‌ನ ಏಳನೆಯ ಪಂದ್ಯದ ಕೊನೆಯ ನಿಮಿಷ ಇದರ ಎರಡೂ ಮುಖಗಳನ್ನು ತೋರಿಸಿತು. ಅಂಕ 89–89ರಲ್ಲಿ ಸಮನಾಗಿತ್ತು. ಕ್ಲೀವ್‌ಲ್ಯಾಂಡ್‌ನ ಕೈರಿ ಅರ್ವಿಂಗ್ ಅವರನ್ನು ಗೋಲ್ಡನ್ ಸ್ಟೇಟ್‌ನ ಬಲಿಷ್ಠ ರಕ್ಷಕ ಕ್ಲೇ ಥಾಂಪ್ಸನ್ ಕಾಯುತ್ತಿದ್ದರು. ಕರಿ ಕಾಯುತ್ತಿದ್ದ ಜೆ. ಆರ್. ಸ್ಮಿತ್ ಅವರನ್ನೇ ಬೇಕೆಂದು ಸ್ಕ್ರೀನ್‌ಗೆ ಕರೆಸಿ ಕ್ಲೀವ್‌ಲ್ಯಾಂಡ್ ಸ್ವಿಚ್ ಮಾಡಿಸಿತು. ಅರ್ವಿಂಗ್ ಮುಂದೆ ಈಗ ಕರಿ ಇದ್ದರು. 53 ಸೆಕೆಂಡು ಉಳಿದಿರುವಾಗ ಅವರ ತಲೆಯ ಮೇಲಿಂದ ಅರ್ವಿಂಗ್ ಮೂರು ಅಂಕ ಹಾಕಿದರು. ಮರುಗಳಿಗೆಯಲ್ಲಿ ಗೋಲ್ಡನ್ ಸ್ಟೇಟ್ ಅದೇ ಉಪಾಯವನ್ನು ಮಾಡಿತು. ರಕ್ಷಣೆಯಲ್ಲಿ ದುರ್ಬಲರೆಂದು ಎಲ್ಲರೂ ಎಣಿಸಿದ್ದ, ಭಾರಿ ಮೈಯ ಕೆವಿನ್ ಲವ್ ಆ ವರ್ಷ 402 ಮೂರಂಕದ ಎಸೆತಗಳನ್ನು ಹಾಕಿದ್ದ ಕರಿ ಅವರ ಎದುರಿಗೆ ಬಂದರು. ಕರಿ ಅತ್ತಿತ್ತ ಡ್ರಿಬಲ್ ಮಾಡಿದರು, ಚೆಂಡನ್ನು ಗ್ರೀನ್‌ಗೆ ಕೊಟ್ಟು ಮತ್ತೆ ಪಡೆದರು. ಲವ್ ಚೆಂಡಿಗೆ ಕೈ ಹಾಕಲಿಲ್ಲ, ಹಾರಲಿಲ್ಲ; ಮೊಣಕಾಲು ಬಗ್ಗಿಸಿ, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಅವರ ಮೈಗಂಟಿಕೊಂಡೇ ಸರಿದರು. ಕೊನೆಗೆ ಕರಿ ಎಸೆದ ಕಷ್ಟದ ಎಸೆತ ತಪ್ಪಿತು. ಕ್ಲೀವ್‌ಲ್ಯಾಂಡ್ 93–89ರಿಂದ ಗೆದ್ದು ತನ್ನ ಮೊದಲ ಪ್ರಶಸ್ತಿ ಪಡೆಯಿತು. ನಮ್ಮ ಸೆಂಟರ್‌ಗಳಿಗೆ ಆ ಕೆಲವು ಸೆಕೆಂಡುಗಳ ದೃಶ್ಯವನ್ನು ಹತ್ತಾರು ಬಾರಿ ತೋರಿಸಬೇಕು. ಎತ್ತರದವರು ಹೊರಗಡೆ ಆಡಲಾರರು ಎಂದು ನಾವೇ ಅವರನ್ನು ನಂಬಿಸಿಬಿಟ್ಟಿದ್ದೇವೆ.

ಇಷ್ಟು ಹೊತ್ತು ಇಬ್ಬರು ರಕ್ಷಕರ ಮಾತಾಯಿತು. ಪಂದ್ಯ ಹೆಚ್ಚಾಗಿ ಸೋಲುವುದು ಉಳಿದ ಮೂವರಿಂದ. ಎದುರು ಸೆಂಟರ್ ಬುಟ್ಟಿಯತ್ತ ನುಗ್ಗಿದಾಗ ಆಚೆ ಮೂಲೆಯ ಆಟಗಾರನನ್ನು ಕಾಯುತ್ತಿರುವವನು ಒಳಗೆ ಬಂದು ಮೈಯೊಡ್ಡಿ ಅವನ ಓಟವನ್ನು ತಡೆಯಬೇಕು, ಸೆಂಟರ್‌ನ ರಕ್ಷಕ ಮರಳಿದ ಕೂಡಲೇ ತನ್ನ ಮೂಲೆಗೆ ಓಡಬೇಕು. ಇಂಗ್ಲಿಷ್‌ನಲ್ಲಿ ಇದನ್ನು ಟ್ಯಾಗ್ ಎನ್ನುತ್ತಾರೆ. ಫಿಬಾ ಅಂಕಣದ ಮೂಲೆಯಲ್ಲಿ ಮೂರು ಅಂಕದ ಗೆರೆ ಬುಟ್ಟಿಯಿಂದ 6.60 ಮೀಟರ್ ದೂರದಲ್ಲಿದೆ. ಪಾಸ್ ಗಾಳಿಯಲ್ಲಿರುವಾಗಲೇ ಅಷ್ಟು ದೂರ ತಲುಪಬೇಕಾದರೆ ಅವನು ಚೆಂಡು ಹೊರಡುವ ಮೊದಲೇ ಕಾಲೆತ್ತಿರಬೇಕು. ಇಲ್ಲಿ ದೂರದರ್ಶನದಲ್ಲಿ ಎನ್‌ಬಿಎ ನೋಡಿ ಕಲಿಯುವ ನಮ್ಮವರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎನ್‌ಬಿಎಯಲ್ಲಿ 2001–02ರಿಂದ ರಕ್ಷಕನಿಗೂ ಮೂರು ಸೆಕೆಂಡಿನ ನಿಯಮವಿದೆ. ಯಾರನ್ನೂ ಹತ್ತಿರದಿಂದ ಕಾಯದೆ ಬುಟ್ಟಿಯ ಕೆಳಗಿನ ವಲಯದಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ನಾವು ಆಡುವ ಫಿಬಾ ನಿಯಮದಲ್ಲಿ ರಕ್ಷಕನಿಗೆ ಆ ನಿರ್ಬಂಧವಿಲ್ಲ. ಸಹಾಯಕ್ಕೆ ಬರುವವನು ಮೊದಲೇ ಒಳಗೆ ನಿಂತಿರಬಹುದು. ಅಲ್ಲಿನವರಿಗಿಲ್ಲದ ಈ ಅನುಕೂಲವನ್ನು ಬಳಸದೆ ಅವರನ್ನೇ ಅನುಕರಿಸುವುದು ವಿವೇಕವಲ್ಲ.

ಬೆಂಗಳೂರಿನಲ್ಲಿ 2017 ಮತ್ತು 2019ರಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್‌ಗಳನ್ನು ನೋಡಿದವರಿಗೆ ಈ ಮೂವರ ಕೆಲಸ ಎಷ್ಟು ಕಠಿಣವೆಂದು ನೆನಪಿರಬಹುದು. ಎರಡನ್ನೂ ಗೆದ್ದದ್ದು ಜಪಾನ್. ಮೊದಲ ಫೈನಲ್‌ನಲ್ಲಿ ಆಸ್ಟ್ರೇಲಿಯವನ್ನು, ಎರಡನೆಯದರಲ್ಲಿ ಚೀನಾವನ್ನು ಮಣಿಸಿತು. ಎದುರಾಳಿಗಳಿಗಿಂತ ಎತ್ತರದಲ್ಲಿ ಕಡಿಮೆಯಿದ್ದ ಆ ತಂಡ ದೂರದ ಎಸೆತಗಾರ್ತಿಯರನ್ನು ಗೆರೆಯಾಚೆ ಹರಡಿ ನಿಲ್ಲಿಸಿ, ಸಹಾಯಕ್ಕೆ ಬರಬೇಕಾದ ಎತ್ತರದ ರಕ್ಷಕಿಯರನ್ನು ಬುಟ್ಟಿಯಿಂದ ದೂರ ಎಳೆಯುತ್ತಿತ್ತು.

ನಮ್ಮ ಕೋಚ್‌ಗಳಲ್ಲಿ ನನ್ನ ವಿನಂತಿ ಅಭ್ಯಾಸದ ಬಗ್ಗೆ. ಇಬ್ಬರಿಗೆ ಇಬ್ಬರಂತೆ ಸ್ಕ್ರೀನ್ ಅಭ್ಯಾಸ ಮಾಡಿಸುವುದನ್ನು ಒಂದೆರಡು ದಿನಕ್ಕೇ ಮುಗಿಸಿ, ನಾಲ್ವರಿಗೆ ನಾಲ್ವರಂತೆ ಆಡಿಸಲು ತೊಡಗಿರಿ. ಎಲ್ಲ ವಿಧಾನಗಳನ್ನೂ ಕಲಿಸುವ ಆಸೆ ಬೇಡ. ಹದಿನಾಲ್ಕು ಹದಿನೈದರ ಮಕ್ಕಳಿಗೆ ಡ್ರಾಪ್ ಒಂದನ್ನೂ ಸ್ವಿಚ್ ಒಂದನ್ನೂ ಚೆನ್ನಾಗಿ ಕಲಿಸಿದರೆ ಒಂದು ಋತುವಿಗೆ ಸಾಕು. ಅಭ್ಯಾಸದ ಆಟದಲ್ಲಿ ಒಂದು ಕಟ್ಟುಪಾಡನ್ನೂ ಮಾಡಿಕೊಳ್ಳಿ: ಸ್ಕ್ರೀನ್ ಬಂದು ನಿಲ್ಲುವ ಮೊದಲು ಹಿಂದಿನ ರಕ್ಷಕನ ಕೂಗು ಕೋಚ್ ಕಿವಿಗೆ ಬೀಳದಿದ್ದರೆ ಅಲ್ಲಿಯೇ ಸೀಟಿ ಊದಿ, ಚೆಂಡು ಬುಟ್ಟಿಗೆ ಬೀಳದಿದ್ದರೂ ಎದುರು ತಂಡಕ್ಕೆ ಎರಡು ಅಂಕ ಕೊಟ್ಟುಬಿಡಿ. ನಮಸ್ಕಾರ.