ತೆಂಗೊ ಅಂದ್ರೆ ತೆಂಗಿನಮರ ಅಲ್ಲ

ನಮಸ್ಕಾರ. ಹೊರಗೆ ಜೋರು ಮಳೆ. ನಡುವೆ ಶೀಟಿನ ಮೇಲೆ ಬಡಿಯುವ ಸದ್ದು ಕೇಳಿದ್ರೆ ಸ್ವಲ್ಪ ಸಹಿಸಿಕೊಳ್ಳಿ. ಜೂನ್ ತಿಂಗಳಲ್ಲಿ ಮಂಗಳೂರಿನ ಬಿಜೈಯ ಮನೆಯಲ್ಲಿ ಕೂತು ರೆಕಾರ್ಡಿಂಗ್ ಮಾಡುದು ಅಂದ್ರೆ ಹೀಗೇ.

ಇವತ್ತು ಒಂದು ನೋಟ್‌ಬುಕ್ಕಿನ ವಿಷಯ. ನನ್ನ ಮಗಳದ್ದು. ಒಂಬತ್ತನೇ ಕ್ಲಾಸಿಗೆ ಬಂದಿದ್ದಾಳೆ, ಶಾಲೆಯಲ್ಲಿ ಈ ವರ್ಷದಿಂದ ಸ್ಪ್ಯಾನಿಷ್ ಶುರು ಮಾಡಿದ್ದಾರೆ. ಯಾವ ಶಾಲೆ ಅಂತ ಕೇಳ್ಬೇಡಿ, ಅವಳು ನಾಳೆಯೂ ಅಲ್ಲಿಗೇ ಹೋಗ್ಬೇಕಲ್ವಾ. ಮೊದಲ ದಿನವೇ ಒಂದು ಹಾಳೆ ಕಳಿಸಿದ್ರು. ಈ ಕ್ಲಾಸಿನಿಂದ ಎಂತ ಕಲೀಬಹುದು, ಮಕ್ಕಳು ಹೇಗಿರಬೇಕು ಅಂತ ಬರೆದು, ಕೆಳಗೆ ಮನೆಯವರ ಸಹಿಗೆ ಜಾಗ. ಶುಕ್ರವಾರ ಶುಕ್ರವಾರ 20 ಶಬ್ದಗಳ ಟೆಸ್ಟ್. ಮೊಬೈಲಿಗೆ ಹಾಕಿ ಅನುವಾದ ಮಾಡಿಸಿದ ಹೋಂವರ್ಕ್ ಬೇಡ. ತಪ್ಪಾದ್ರೂ ಪರವಾಗಿಲ್ಲ, ಬಾಯಿಬಿಟ್ಟು ಮಾತಾಡಿ. ಓದ್ತಾ ಓದ್ತಾ ನನಗೆ ಖುಷಿಯಾಯ್ತು. ತಪ್ಪು ಮಾತಾಡಿ ಅಂತ ಬರೆದು ಕೊಡುವ ಶಾಲೆ ನಮ್ಮ ಕಾಲದಲ್ಲಿ ಎಲ್ಲಿತ್ತು ಮಾರಾಯ್ರೇ! ಕೊನೆಯ ಸಾಲಿಗೆ ಬಂದೆ. ‘ತರಗತಿಯಲ್ಲಿಯೂ ನೋಟ್‌ಬುಕ್ಕಿನಲ್ಲಿಯೂ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಮಾತ್ರ.’ ಅಲ್ಲಿ ಪೆನ್ನು ನಿಂತಿತು.

ಆದ್ರೂ ಸಹಿ ಹಾಕಿದೆ, ಸುಳ್ಳು ಯಾಕೆ ಹೇಳ್ಲಿ.

ಎರಡು ವಾರ ಆದ ಮೇಲೆ ಅವಳ ನೋಟ್‌ಬುಕ್ ತೆಗೆದು ನೋಡ್ದೆ. ‘ನನಗೆ ಹದಿನಾಲ್ಕು ವರ್ಷ’ ಅನ್ನುವ ವಾಕ್ಯ ಸ್ಪ್ಯಾನಿಷಿನಲ್ಲಿ ಬರೆದಿದ್ದಾಳೆ. ಅದರ ತಲೆ ಮೇಲೆ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ: ‘ತೆಂಗೊ ಕತೊರ್ಸೆ ಆಞೊಸ್’. ಬದಿಯಲ್ಲಿ ಒಂದು ತೆಂಗಿನಮರದ ಚಿತ್ರ, ಎರಡು ಬೊಂಡ ಸಮೇತ. ಆ ಕನ್ನಡದ ಸಾಲಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ. ಮರಕ್ಕೂ ಒಂದು ಗೀಟು.

ಆ ಸಾಲನ್ನು ಸ್ವಲ್ಪ ನೋಡುವ. ‘ತೆಂಗೊ’ ಅಂದ್ರೆ ‘ನನ್ನಲ್ಲಿ ಉಂಟು’, ‘ಕತೊರ್ಸೆ’ ಹದಿನಾಲ್ಕು, ‘ಆಞೊಸ್’ ವರ್ಷ. ಸ್ಪ್ಯಾನಿಷಿನಲ್ಲಿ ‘ನ’ ಅಕ್ಷರದ ಮೇಲೆ ಒಂದು ಸಣ್ಣ ಅಲೆ ಇರುವ ಅಕ್ಷರ ಉಂಟು. ಅದರ ಉಚ್ಚಾರ ಇಂಗ್ಲಿಷಿನಲ್ಲಿ ಬರೀಲಿಕ್ಕೆ ಹೊರಟ್ರೆ ಎರಡು ಮೂರು ಅಕ್ಷರ ಜೋಡಿಸ್ಬೇಕು. ನಮ್ಮಲ್ಲಿ ಒಂದೇ ಅಕ್ಷರ, ಞ. ಒಂದನೇ ಕ್ಲಾಸಿನ ವರ್ಣಮಾಲೆಯಲ್ಲಿ ಕಲಿತು, ಆಮೇಲೆ ಜೀವಮಾನದಲ್ಲಿ ಎಲ್ಲಿ ಬಳಸುದು ಅಂತ ಗೊತ್ತಾಗದ ಆ ಞ. ಅದಕ್ಕೆ ಕೊನೆಗೂ ಒಂದು ಕೆಲಸ ಸಿಕ್ತು, ನನ್ನ ಮಗಳು ಕೊಟ್ಳು, ಟೀಚರು ಗೀಟು ಹಾಕಿದ್ರು. (ಆ ಅಲೆ ಬಿಟ್ಟು ಬರೆದ್ರೆ ‘ವರ್ಷ’ ಹೋಗಿ ಬೇರೆಯೇ ಅರ್ಥ ಬರ್ತದೆ. ಮಕ್ಕಳ ಎದುರು ಹುಡುಕಲಿಕ್ಕೆ ಹೋಗ್ಬೇಡಿ.)

ಮತ್ತೆ ಆ ‘ತ’. ಸ್ಪ್ಯಾನಿಷಿನ ತ ಅಂದ್ರೆ ನಮ್ಮದೇ ತ, ನಾಲಗೆ ಹಲ್ಲಿಗೆ ತಾಗಿ ಬರುವಂಥದ್ದು. ‘ನೀನು’ ಅನ್ನಲಿಕ್ಕೆ ಅವರು ‘ತೂ’ ಅಂತಾರೆ. ಇಂಗ್ಲಿಷಿನ ಮೂಲಕ ಕಲಿತ ಮಕ್ಕಳು ‘ಟೂ’ ಅಂತಾರೆ, ತಾಕೊ ಅನ್ನುವ ತಿಂಡಿ ‘ಟಾಕೊ’ ಆಗ್ತದೆ. ತ, ದ ಹುಟ್ಟಿನಿಂದಲೇ ಬಾಯಲ್ಲಿರುವ ಮಕ್ಕಳಿಗೆ ಅದನ್ನು ಮರೆಸಿ ಟ, ಡ ಕೊಟ್ಟು, ಮೂರನೇ ವರ್ಷದಲ್ಲಿ ‘ಉಚ್ಚಾರ ಸುಧಾರಿಸಬೇಕು’ ಅಂತ ಷರಾ ಬರೆಯುದು. ಇದೆಂಥ ಕಥೆ?

ಉಚ್ಚಾರ ಬಿಡಿ, ಅದು ಸಣ್ಣ ವಿಷಯ. ವಾಕ್ಯ ನೋಡಿ. ಇಂಗ್ಲಿಷಿನಲ್ಲಿ ‘ನಾನು ಕಾಫಿಯನ್ನು ಇಷ್ಟಪಡುತ್ತೇನೆ’ ಅನ್ನುವ ಕ್ರಮ. ನಾವು ಯಾರಾದ್ರೂ ಹಾಗೆ ಮಾತಾಡ್ತೇವಾ? ‘ನನಗೆ ಕಾಫಿ ಇಷ್ಟ’ ಅಂತೇವೆ. ಸ್ಪ್ಯಾನಿಷಿನವರೂ ಹಾಗೇ: ‘ಮೆ ಗುಸ್ತಾ ಎಲ್ ಕಫೆ’. ಮೆ ಅಂದ್ರೆ ನನಗೆ. ಇಷ್ಟವಾಗುವ ಕೆಲಸ ಕಾಫಿಯದ್ದು, ನನ್ನದಲ್ಲ. ಇಂಗ್ಲಿಷ್ ಮಾತೃಭಾಷೆಯವರಿಗೆ ಇದೊಂದು ದೊಡ್ಡ ತಲೆನೋವಿನ ಪಾಠ. ತಲೆನೋವು ಅಂದ ಮೇಲೆ ಅದನ್ನೂ ಕೇಳಿ. ‘ಮೆ ದ್ವೆಲೆ ಲಾ ಕಬೇಸಾ.’ ನನಗೆ ತಲೆ ನೋಯ್ತದೆ. ‘ನನ್ನ ತಲೆ’ ಅಂತ ಅವರೂ ಹೇಳುದಿಲ್ಲ, ನಾವೂ ಹೇಳುದಿಲ್ಲ. ನೋವು ನನಗೆ ಆದ ಮೇಲೆ ತಲೆ ಮತ್ತೆ ಯಾರದ್ದು? ತುಳುವಿನಲ್ಲಿ ‘ಎಂಕ್ ತರೆ ಬೇನೆ’ ಅನ್ನುವ ಅಜ್ಜಿಗೆ ಈ ಪಾಠ ಅರ್ಧ ನಿಮಿಷದ್ದು.

‘ನಾನು’ ಬೇಕಾಗಿಲ್ಲ ಅನ್ನುದೂ ಹಾಗೇ. ‘ಮಾತಾಡ್ತೇನೆ’ ಅಂದ್ರೆ ಸಾಕು, ಬಾಲದಲ್ಲೇ ನಾನು ಉಂಟು. ಅವರಲ್ಲಿ ‘ಆಬ್ಲೊ’, ಕೊನೆಯ ಒಕಾರವೇ ನಾನು. ಇಂಗ್ಲಿಷಿನಿಂದ ಬಂದ ಮಕ್ಕಳು ಪ್ರತಿ ಸಾಲಿಗೂ ‘ಯೊ, ಯೊ’ ಅಂತ ಬರೀತಾರೆ. ಹಾಗೆ ಮಾತಾಡುವವನನ್ನು ಕೇಳಿದ್ರೆ ಬರೀ ತನ್ನದೇ ಪುರಾಣ ಹೇಳುವವನ ಹಾಗೆ ಕಾಣ್ತದೆ. ಮತ್ತೆ ನಮ್ಮ ಸೆಕೆ! ಇಂಗ್ಲಿಷಿನಲ್ಲಿ ‘ನಾನು ಬಿಸಿ ಇದ್ದೇನೆ’ ಅನ್ನುವ ಥರದ ವಾಕ್ಯ ಉಂಟಲ್ವಾ, ಅದನ್ನು ಹಾಗೇ ಸ್ಪ್ಯಾನಿಷಿಗೆ ದಾಟಿಸಿದ್ರೆ ಮರ್ಯಾದಸ್ಥರು ಆಡುವ ಮಾತಾಗುದಿಲ್ಲ. ‘ತೆಂಗೊ ಕಲೋರ್’ ಅನ್ನಬೇಕು, ಅಂದ್ರೆ ‘ನನ್ನಲ್ಲಿ ಸೆಕೆ ಉಂಟು’. ಮೇ ತಿಂಗಳಲ್ಲಿ ಹಂಪನಕಟ್ಟೆಯಲ್ಲಿ ಸಿಟಿ ಬಸ್ಸಿಗೆ ಕಾದವರಿಗೆ ಅದಕ್ಕಿಂತ ಸರಿಯಾದ ಮಾತು ಬೇಡ.

ಎಲ್ಲವೂ ಕನ್ನಡದಿಂದಲೇ ಬರ್ತದೆ ಅಂತ ನಾನು ಹೇಳುದಿಲ್ಲ. ಅವರಿಗೆ ‘ಇರು’ ಅನ್ನಲಿಕ್ಕೆ ಎರಡು ಕ್ರಿಯಾಪದ ಉಂಟು. ‘ಅವಳು ಟೀಚರು’ ಅನ್ನುವಲ್ಲಿ ಒಂದು, ‘ಅವಳು ಮನೆಯಲ್ಲಿ ಇದ್ದಾಳೆ’, ‘ಚಾ ಬಿಸಿ ಉಂಟು’ ಅನ್ನುವಲ್ಲಿ ಇನ್ನೊಂದು. ನಾವು ‘ಇದ್ದಾಳೆ, ಉಂಟು’ ಅನ್ನುವಲ್ಲೆಲ್ಲ ಎರಡನೆಯದು ಹಾಕು ಅಂತ ಮಗಳಿಗೆ ಹೇಳಿದೆ. ಸುಮಾರು ಕಡೆ ಸರಿಹೋಯ್ತು. ‘ಅವಳು ಚೆಂದ ಇದ್ದಾಳೆ’ ಅನ್ನುವಲ್ಲಿ ಕೈಕೊಟ್ಟಿತು. ಲಿಂಗದ ವಿಷಯದಲ್ಲಂತೂ ಕನ್ನಡ ಕೈಚೆಲ್ಲಿ ಕೂತುಕೊಳ್ತದೆ, ನಮಗೆ ಮೇಜು, ಪುಸ್ತಕ ಎಲ್ಲವೂ ‘ಅದು’. ಪಕ್ಕದ ಮನೆಯ ಕೊಂಕಣಿ ಹುಡುಗನಿಗೆ ವಸ್ತುಗಳಿಗೂ ಗಂಡು ಹೆಣ್ಣು ಉಂಟು ಅನ್ನುದು ಹೊಸತಲ್ಲ. ಆದರೆ ಅವನ ‘ಮ್ಹಜೊ ಹಾತ್’ ಗಂಡು, ಸ್ಪ್ಯಾನಿಷಿನ ಕೈ ‘ಲಾ ಮಾನೊ’, ಹೆಣ್ಣು. ಅವನೂ ಬಾಯಿಪಾಠ ಮಾಡ್ಲೇಬೇಕು, ಬೇರೆ ದಾರಿ ಇಲ್ಲ. ‘ಪೋರ್ಚುಗೀಸರು ಬಂದು ಹೋದ ಊರು, ನಮಗೆ ಸುಲಭ’ ಅಂತ ಒಬ್ರು ಹೇಳಿದ್ರು. ಪಗಾರ, ಸಾಬೂನು, ಚಾವಿಗೆ ಸ್ಪ್ಯಾನಿಷಿನಲ್ಲಿ ನೆಂಟರಿದ್ದಾರೆ, ಹೌದು. ಅನಾನಸು ಕೇಳಿದ್ರೆ ಮಾತ್ರ ಹೆಚ್ಚಿನ ಕಡೆ ‘ಪಿಞಾ’ ಅಂತಾರೆ.

ಮನೆಯವರ ಅಪೇಕ್ಷೆಯ ಬಗ್ಗೆಯೂ ಒಂದು ಮಾತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ರು ಕೇಳಿದ್ರು, ‘ವರ್ಷ ಆಗುವಾಗ ಸ್ಪೇನಿಗೆ ಹೋಗಿ ಮಾತಾಡುವಷ್ಟು ಬರ್ತದಾ?’ ಲೆಕ್ಕ ಹಾಕಿ. ವಾರಕ್ಕೆ ಎರಡು ಪೀರಿಯಡ್, ಒಂದೊಂದು 40 ನಿಮಿಷ, ವರ್ಷಕ್ಕೆ 35 ವಾರ. ಸುಮಾರು 47 ಗಂಟೆ. ಅದರಲ್ಲಿ ಮಳೆಗೆ ಡಿ.ಸಿ. ಕೊಡುವ ರಜೆ, ಸ್ಪೋರ್ಟ್ಸ್ ಡೇ, ಪರೀಕ್ಷೆ ಎಲ್ಲ ಕಳೆದ್ರೆ 40. ಫರ್ಡಿನಾಂಡ್ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಇದೇ ಮಂಗಳೂರಿನ ಬಾಸೆಲ್ ಮಿಶನ್ನಿಂದ ಹೊರಗೆ ಬಂದದ್ದು 1894ರಲ್ಲಿ. ಅವರಿಗೆ 41 ವರ್ಷ ಬೇಕಾಯ್ತು, ನಮ್ಮ ಮಕ್ಕಳಿಗೆ 40 ಗಂಟೆಯಲ್ಲಿ ಆಗ್ಬೇಕಂತೆ. ಹೆಸರು, ವಯಸ್ಸು, ಮನೆಯವರು, ಗಂಟೆ ಎಷ್ಟು, ಎಂತ ತಿಂದೆ, ಇಷ್ಟು ತಡವರಿಸದೆ ಹೇಳಿದ್ರೆ ನನಗೆ ಸಾಕು. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಒಂದೇ ಥರ ಇರುದೂ ಇಲ್ಲ. ಮಗಳ ಕ್ಲಾಸಿನ ಅರ್ಧ ಹುಡುಗರು ಮೆಸ್ಸಿಗೋಸ್ಕರ ಸೇರಿದ್ದು. ಮೆಸ್ಸಿಯ ಊರು ರೊಸಾರಿಯೊದಲ್ಲಿ ಪುಸ್ತಕದ ‘ತೂ’ ಇಲ್ಲ, ‘ವೋಸ್’ ಅಂತಾರೆ, ‘ಯೊ’ ಅನ್ನುದು ‘ಶೊ’ ಆಗ್ತದೆ. ನಮ್ಮ ‘ಉಂಟು’ ಕೇಳಿ ಬೆಂಗಳೂರಿನವರು ನಗುದಿಲ್ವಾ, ಅದೇ ಕಥೆ.

ಟೀಚರಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಇಂಗ್ಲಿಷಿನ ಮೂಲಕವೇ ಕಲಿತವರು. ಕ್ಲಾಸಿನಲ್ಲಿ ಮಲಯಾಳಿ ಮಕ್ಕಳಿದ್ದಾರೆ, ಹಿಂದಿಯವರಿದ್ದಾರೆ, ಎಲ್ಲರಿಗೂ ಕನ್ನಡದಲ್ಲಿ ಪಾಠ ಮಾಡಿ ಅಂತ ಹೇಳುದು ನ್ಯಾಯ ಅಲ್ಲ. ಕ್ಲಾಸಿಡೀ ಬರೀ ಸ್ಪ್ಯಾನಿಷಿನಲ್ಲೇ ನಡೆಸ್ತೇನೆ ಅಂದಿದ್ರೆ ಎರಡು ಕೈಯಲ್ಲಿ ಸಹಿ ಹಾಕ್ತಿದ್ದೆ. ಆದರೆ ಇಂಗ್ಲಿಷ್ ಆಗ್ತದೆ, ಕನ್ನಡ ಆಗುದಿಲ್ಲ ಅನ್ನುದು ಸ್ಪ್ಯಾನಿಷ್ ಕಲಿಸುವ ಕ್ರಮ ಅಲ್ಲ, ಅದು ನಮ್ಮ ಶಾಲೆಗಳ ಹಳೇ ಚಾಳಿ. ಸುರತ್ಕಲ್‌ನಿಂದ ಹಂಪನಕಟ್ಟೆಗೆ ಬರಲಿಕ್ಕೆ ಮೂಡಬಿದ್ರೆಗೆ ಹೋಗಿ ಬಾ ಅಂದ ಹಾಗೆ. ಕ್ಲಾಸಿನಲ್ಲಿ ಹೇಗಾದ್ರೂ ಮಾಡಿ. ಮಗುವಿನ ನೋಟ್‌ಬುಕ್ಕಿನ ಪೆನ್ಸಿಲ್ ಸಾಲನ್ನು ಬಿಟ್ಟುಬಿಡಿ, ಮಲಯಾಳಿ ಹುಡುಗಿ ಮಲಯಾಳದಲ್ಲೇ ಬರ್ಕೊಳ್ಳಲಿ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಗಳು ಅಜ್ಜಿಯ ಹತ್ರ ‘ಮೆ ದ್ವೆಲೆ ಲಾ ಕಬೇಸಾ’ ಅಂದ್ಳು, ಹಣೆ ಹಿಡ್ಕೊಂಡು. ನನ್ನ ಅತ್ತೆ ಗಂಜಿಯ ಬಟ್ಟಲಿನಿಂದ ತಲೆ ಎತ್ತಿ, ‘ತರೆ ಬೇನೆನಾ?’ ಅಂತ ಕೇಳಿದ್ರು. ಮಗಳು ನನ್ನ ಮುಖ ನೋಡಿ ನಕ್ಕಳು. ಅತ್ತೆ ಅಮೃತಾಂಜನ ತರಲಿಕ್ಕೆ ಎದ್ದೇಬಿಟ್ರು.

ಶನಿವಾರ ಪೇರೆಂಟ್ಸ್ ಮೀಟಿಂಗ್ ಉಂಟು. ಆ ತೆಂಗಿನಮರದ ಪುಟ ತೆಗೆದುಕೊಂಡು ಹೋಗ್ತೇನೆ.