ಸಂಶೋಧನೆ ಕಾಡನ್ನು ತಲುಪಿದ್ದು ಯಾವಾಗ?

ಕೇಳುಗರಿಗೆ ನಮಸ್ಕಾರ.

ಅರಣ್ಯ ಸಂಶೋಧನೆಗೆ ಹಣ ಕೊಟ್ಟವರು, ಮೂರು ಅಥವಾ ಐದು ವರ್ಷಗಳ ಯೋಜನೆ ಮುಗಿಯುತ್ತಲೇ, ಅದರಿಂದ ಏನು ಪ್ರಯೋಜನವಾಯಿತು ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಸಿ ಮರವಾಗಲು ದಶಕಗಳೇ ಬೇಕಾಗುವ ಈ ಕ್ಷೇತ್ರದಲ್ಲಿ ಅಷ್ಟು ಬೇಗ ಉತ್ತರ ಕೊಡಹೊರಟಾಗ, ಪ್ರಕಟವಾದ ಪ್ರಬಂಧಗಳ ಎಣಿಕೆಯೂ ಅವುಗಳಿಗೆ ದೊರೆತ ಉಲ್ಲೇಖಗಳ ಲೆಕ್ಕವೂ ಪರಿಣಾಮದ ಜಾಗದಲ್ಲಿ ಬಂದು ಕುಳಿತುಬಿಡುತ್ತವೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿರುವ ಹಬರ್ಡ್ ಬ್ರೂಕ್ ಪ್ರಾಯೋಗಿಕ ಅರಣ್ಯವನ್ನೇ ನೋಡೋಣ. 1955ರಲ್ಲಿ ಅದನ್ನು ಸ್ಥಾಪಿಸಿದ್ದು ಕಾಡಿಗೂ ಹೊಳೆಯ ನೀರಿಗೂ ಇರುವ ಸಂಬಂಧವನ್ನು ಅರಿಯಲಿಕ್ಕೆ. 1963ರಲ್ಲಿ ಅಲ್ಲಿನ ಮಳೆನೀರನ್ನು ಪರೀಕ್ಷಿಸಿದಾಗ, ಅದು ಸಹಜ ಮಳೆಗಿಂತ ಬಹಳ ಆಮ್ಲೀಯವಾಗಿರುವುದು ಕಂಡುಬಂತು. ಆಮ್ಲಮಳೆಗೆ ಕಡಿವಾಣ ಹಾಕುವ ತಿದ್ದುಪಡಿ ಆ ದೇಶದ ಶುದ್ಧ ಗಾಳಿ ಕಾಯಿದೆಗೆ ಬಂದದ್ದು 1990ರಲ್ಲಿ. ನಡುವೆ 27 ವರ್ಷಗಳು ಕಳೆದಿದ್ದವು. 1968ರಲ್ಲೇ ಮೌಲ್ಯಮಾಪನ ನಡೆಸಿದ್ದರೆ, ಈ ಕೆಲಸದಿಂದ ಫಲವೇನೂ ಇಲ್ಲವೆಂದು ಬರೆದುಬಿಡಬಹುದಿತ್ತು. 1990ರಲ್ಲಿ ನಡೆಸಿದ್ದರೂ ಅದು ಸುಲಭವಾಗುತ್ತಿರಲಿಲ್ಲ, ಏಕೆಂದರೆ ಆ ತಿದ್ದುಪಡಿಯ ಹಿಂದೆ ಬೇರೆ ವಿಜ್ಞಾನಿಗಳ ಮಾಹಿತಿ, ಜನರ ಒತ್ತಾಯ, ರಾಜಕೀಯ ಮಾತುಕತೆ ಎಲ್ಲವೂ ಇದ್ದವು. ಆದ್ದರಿಂದ "ಇದು ನಮ್ಮಿಂದಲೇ ಆಯಿತೇ?" ಎಂಬುದಕ್ಕಿಂತ "ಇದರಲ್ಲಿ ನಮ್ಮ ಪಾಲು ಯಾವುದು, ನಾವಿಲ್ಲದಿದ್ದರೆ ಏನಾಗುತ್ತಿತ್ತು?" ಎಂದು ಕೇಳಿಕೊಳ್ಳುವುದೇ ಪ್ರಾಮಾಣಿಕವೆಂದು ನಾನು ನಂಬಿದ್ದೇನೆ.

ಕೆಲವೊಮ್ಮೆ ಬದಲಾವಣೆ ಕಣ್ಣಿಗೆ ಬೀಳದೆಯೇ ಹಬ್ಬುತ್ತದೆ. ಪಶ್ಚಿಮ ಆಫ್ರಿಕಾದ ನೈಜರ್ ದೇಶದ ದಕ್ಷಿಣ ಭಾಗದ ರೈತರು 1980ರ ದಶಕದಿಂದೀಚೆಗೆ, ಕಡಿದ ಮರಗಳ ಬೊಡ್ಡೆಗಳಿಂದ ಹೊಲದಲ್ಲಿ ಚಿಗುರಿದ ಗಿಡಗಳನ್ನು ಉಳಿಸಿ, ಸವರಿ ಬೆಳೆಸಿದರು. ಸುಮಾರು 50 ಲಕ್ಷ ಹೆಕ್ಟೇರ್‌ಗೆ ಹರಡಿದ ಈ ಪದ್ಧತಿಯ ವ್ಯಾಪ್ತಿ ಹೊರಜಗತ್ತಿಗೆ ತಿಳಿದದ್ದು, ಹಳೆಯ ವೈಮಾನಿಕ ಚಿತ್ರಗಳನ್ನೂ ಉಪಗ್ರಹ ಚಿತ್ರಗಳನ್ನೂ ಹೋಲಿಸಿದ ಮೇಲೆಯೇ. ಮರ ಸರಕಾರದ್ದೆಂಬ ಭಾವನೆ ಸಡಿಲಗೊಂಡು, ತಾನು ಬೆಳೆಸಿದ ಮರ ತನ್ನದೇ ಎಂಬ ಭರವಸೆ ರೈತನಲ್ಲಿ ಮೂಡಿದ್ದೂ ಈ ಹರಡುವಿಕೆಗೆ ಒಂದು ಕಾರಣ. ಅದನ್ನು ಯಾವ ಉಪಗ್ರಹವೂ ತೋರಿಸದು. ಹೊಲಕ್ಕೇ ಹೋಗಿ ಕೇಳಬೇಕು. ಪದ್ಧತಿಯನ್ನು ಒಪ್ಪಿದವರನ್ನಷ್ಟೇ ಅಲ್ಲ, ಒಪ್ಪದೆ ಬಿಟ್ಟವರನ್ನೂ, ಒಂದೆರಡು ವರ್ಷ ಪ್ರಯತ್ನಿಸಿ ಕೈಬಿಟ್ಟವರನ್ನೂ ಮಾತನಾಡಿಸಬೇಕು.

ಇದಕ್ಕೆ ತಯಾರಿ ಯೋಜನೆಯ ಮೊದಲ ದಿನವೇ ಆಗಬೇಕು. ಯಾರು ಯಾವ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುವರೆಂದು ನಿರೀಕ್ಷಿಸಿದ್ದೇವೆ ಎಂಬುದನ್ನು ಬರೆದಿಟ್ಟು, ಅಂದಿನ ಕಾಡಿನ ಮತ್ತು ಜನಜೀವನದ ಸ್ಥಿತಿಯನ್ನು ದಾಖಲಿಸಿ, ಹತ್ತು ಇಪ್ಪತ್ತು ವರ್ಷಗಳ ಬಳಿಕ ಅದೇ ಜಾಗಕ್ಕೆ ಮರಳಿ ಹೋಗಲು ಬೇಕಾದ ಹಣವನ್ನು ಆಗಲೇ ತೆಗೆದಿರಿಸಬೇಕು.

ನಮಸ್ಕಾರ.