ಉಳಿದ ಭ್ರೂಣಗಳ ಲೆಕ್ಕ

ನಮಸ್ಕಾರ ಕೇಳುಗರೇ.

ಐವಿಎಫ್, ಅಂದರೆ ಅಂಡ ಮತ್ತು ವೀರ್ಯವನ್ನು ಲ್ಯಾಬಿನಲ್ಲಿ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆಗೆ ಹೋದವರಿಗೆ ಕೆಲವೊಮ್ಮೆ ಒಂದೇ ಸಲಕ್ಕೆ ಐದಾರು ಭ್ರೂಣಗಳು ಸಿಗುವುದುಂಟು. ಗರ್ಭಕ್ಕೆ ಸೇರಿಸುವುದು ಒಂದೋ ಎರಡೋ. ಉಳಿದವು ತೆಳ್ಳಗಿನ ಪ್ಲಾಸ್ಟಿಕ್ ಕಡ್ಡಿಗಳಲ್ಲಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದೊಳಗೆ ಕೂತಿರುತ್ತವೆ. ಹುಟ್ಟಿದ ಮಗು ಶಾಲೆಗೆ ಹೋಗುವ ಹೊತ್ತಿಗೂ ಅವು ಅಲ್ಲೇ. ಅವನ್ನು ಸಂಶೋಧನೆಗೆ ಕೊಡಬಹುದಾ?

ಐದನೇ ದಿನದ ಭ್ರೂಣ ಅಂದರೆ ನೂರರ ಆಸುಪಾಸು ಕೋಶಗಳು, ಅಷ್ಟೇ. ಒಳಗಿನ ಗುಂಪನ್ನು ಬಿಡಿಸಿ ಬೆಳೆಸಿದರೆ ಅದರಿಂದ ನರ, ರಕ್ತ, ಹೃದಯ, ಹೀಗೆ ಯಾವ ಬಗೆಯ ಕೋಶ ಬೇಕಾದರೂ ಬರುತ್ತದೆ. ಅವೇ ಸ್ಟೆಮ್ ಸೆಲ್, ನಮ್ಮ ಮಾತಿನಲ್ಲಿ ಆಕರಕೋಶ. ಅಮೆರಿಕದ ಜೇಮ್ಸ್ ಥಾಮ್ಸನ್ ಇದನ್ನು 1998ರಲ್ಲಿ ಮಾಡಿ ತೋರಿಸಿದರು. ಆದರೆ ಹಾಗೆ ಬಿಡಿಸಿದರೆ ಭ್ರೂಣ ಉಳಿಯುವುದಿಲ್ಲ. ಜಗಳವೆಲ್ಲ ಇರುವುದು ಇಲ್ಲೇ.

2001ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಬುಷ್, ಅಷ್ಟರೊಳಗೆ ತಯಾರಾಗಿದ್ದ ಕೋಶಗಳ ಮೇಲಿನ ಸಂಶೋಧನೆಗೆ ಮಾತ್ರ ಸರ್ಕಾರದ ಹಣ ಎಂದರು. ಅಂಥ ಕೋಶಗಳಿದ್ದ ಸಂಸ್ಥೆಗಳ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನ ಹೆಸರೂ ಇತ್ತು! ವಾಷಿಂಗ್ಟನ್ನಿನ ಗಲಾಟೆಯಲ್ಲಿ ನಮ್ಮ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಈ ಲ್ಯಾಬು ಸುದ್ದಿಯಾಯಿತು. ಆಗ ನಮ್ಮಲ್ಲಿ ಇದಕ್ಕೇ ಅಂತ ಒಂದು ಕಾಯ್ದೆ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2007ರಲ್ಲಿ ಮಾರ್ಗಸೂಚಿ ತಂದವು. ಅದನ್ನು 2013ರಲ್ಲಿ, ಮತ್ತೆ 2017ರಲ್ಲಿ ತಿದ್ದಿದರು.

ಅದರಲ್ಲಿ ಮುಖ್ಯವಾದದ್ದು ಹದಿನಾಲ್ಕು ದಿನದ ಗಡಿ. ಅದರಾಚೆಗೆ ಲ್ಯಾಬಿನಲ್ಲಿ ಭ್ರೂಣ ಬೆಳೆಸುವಂತಿಲ್ಲ. ಹದಿನಾಲ್ಕೇ ಯಾಕೆ? ಸುಮಾರು ಆ ಹೊತ್ತಿಗೆ ಭ್ರೂಣದಲ್ಲಿ ಒಂದು ಸಣ್ಣ ಗೆರೆ ಮೂಡುತ್ತದೆ, ತಲೆ ಯಾವ ಕಡೆ ಅಂತ ತೀರ್ಮಾನವಾಗುತ್ತದೆ. ಅಲ್ಲಿಯವರೆಗೆ ಅದು ಒಡೆದು ಅವಳಿಯಾಗಬಹುದು, ಆಮೇಲೆ ಸಾಮಾನ್ಯವಾಗಿ ಇಲ್ಲ. 1984ರಲ್ಲಿ ಬ್ರಿಟನ್ನಿನ ವಾರ್ನಾಕ್ ಸಮಿತಿ ಈ ಗಡಿ ಇರಲಿ ಎಂದು ಶಿಫಾರಸು ಮಾಡಿತು. ಆಗ ಅಷ್ಟು ದಿನ ಬೆಳೆಸುವ ತಂತ್ರವೇ ಇರಲಿಲ್ಲ, ಹಾಗಾಗಿ ಯಾರಿಗೂ ಜಾಸ್ತಿ ತೊಂದರೆಯಾಗಲಿಲ್ಲ. ಈಗ ಅದರ ಹತ್ತಿರ ಹೋಗುವುದು ಸಾಧ್ಯವಾಗಿದೆ. ಗಡಿ ಸಡಿಲಿಸಿ ಎಂಬ ಒತ್ತಾಯವೂ ಶುರುವಾಗಿದೆ. ನನಗೇನೋ ಅದಕ್ಕೆ ಆತುರ ಕಾಣುವುದಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದವರು ಎರಡು ಆಕರಕೋಶ ಸರಣಿ, ಅಂದರೆ ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಕೋಶಗಳ ಸಾಲು, ಬೆಳೆಸಿದ್ದು ಗರ್ಭಕ್ಕೆ ಹಾಕಲು ಲಾಯಕ್ಕಿಲ್ಲವೆಂದು ಬದಿಗಿಟ್ಟ ಭ್ರೂಣಗಳಿಂದ. ಗಡಿಯೊಳಗೇ ಇಷ್ಟು ಕೆಲಸ ಆಗುತ್ತದೆ.

ನನ್ನ ತಕರಾರು ಬೇರೆ. ಮಾರ್ಗಸೂಚಿ ಕಾನೂನಲ್ಲ, ಮುರಿದವರನ್ನು ನೇರವಾಗಿ ಜೈಲಿಗೆ ಕಳಿಸುವುದಿಲ್ಲ. ಐವಿಎಫ್‌ನಂಥ ಚಿಕಿತ್ಸೆಗಳಿಗೆ ನಿಯಮ ಹಾಕುವ 2021ರ ಎಆರ್‌ಟಿ ಕಾಯ್ದೆ ಬಂದ ಮೇಲೆ ಸ್ವಲ್ಪ ಬಿಗಿಯಾಗಿದೆ. ಭ್ರೂಣ ಇಡುವುದು ಹೆಚ್ಚೆಂದರೆ ಹತ್ತು ವರ್ಷ. ಆಮೇಲೆ ನಶಿಸಲು ಬಿಡಬೇಕು, ಇಲ್ಲವೇ ದಂಪತಿ ಒಪ್ಪಿದರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಮಾರುವಂತಿಲ್ಲ, ಸಂಶೋಧನೆಗೆಂದು ಹೊರದೇಶಕ್ಕೆ ಕಳಿಸುವಂತಿಲ್ಲ.

ಆದರೆ ಆ ಒಪ್ಪಿಗೆ ಎಲ್ಲಿ ಸಿಗುತ್ತದೆ ಹೇಳಿ? ಆಸ್ಪತ್ರೆಯ ಕೌಂಟರಿನಲ್ಲಿ, ಹತ್ತಾರು ಹಾಳೆಗಳ ನಡುವಿನ ಒಂದು ಹಾಳೆಯಲ್ಲಿ. ಸಾಲ ಮಾಡಿ ಬಂದವರು, ಡಾಕ್ಟರನ್ನೇ ನಂಬಿದವರು, ಓದುತ್ತಾರಾ? ಸಹಿ ಕೇಳುವವರು ಚಿಕಿತ್ಸೆ ಕೊಡುವ ಡಾಕ್ಟರೇ ಆದರೆ ಬೇಡ ಅನ್ನಲು ಬಾಯಿ ಬರುತ್ತದಾ? ಹಾಳೆ ಕನ್ನಡದಲ್ಲಿರಲಿ, ಕೇಳುವವರು ಬೇರೆಯವರಾಗಿರಲಿ. ನಿಮ್ಮ ಮುಂದೆ ಆ ಹಾಳೆ ಬಂದರೆ ಭ್ರೂಣ ಯಾವ ಲ್ಯಾಬಿಗೆ ಹೋಗುತ್ತದೆ, ಇದರಿಂದ ಲಾಭ ಬಂದರೆ ಯಾರಿಗೆ ಅಂತ ಕೇಳಿ. ಉತ್ತರ ಸಿಗುವವರೆಗೆ ಪೆನ್ನು ತೆಗೆಯಬೇಡಿ.